ಕಾಫಿ ಕಣ ಬೇಕಾ? ಪಂಚಾಯಿತಿ ಯೋಜನೆಗೆ ಸೇರಿಸುವುದು ಹೀಗೆ

ನಿಮ್ಮ ಗ್ರಾಮ ಪಂಚಾಯಿತಿಯ ವರ್ಷದ ಯೋಜನೆ ತೆಗೆದು ನೋಡಿ. ಸಿಸಿ ರಸ್ತೆ, ಚರಂಡಿ, ಮೋರಿ, ಬೀದಿದೀಪ. ಇವು ಬೇಡ ಅಂತಲ್ಲ. ಆದರೆ ಊರವರ ಕೈಗೆ ನಾಲ್ಕು ಕಾಸು ಜಾಸ್ತಿ ಬರುವಂಥ ಕೆಲಸ ಹುಡುಕಿದರೂ ಸಿಗುವುದು ಕಷ್ಟ. ಸಂವಿಧಾನದ 243ಜಿ ವಿಧಿ ಪಂಚಾಯಿತಿಗಳ ಕೆಲಸದಲ್ಲಿ ಆರ್ಥಿಕ ಅಭಿವೃದ್ಧಿಯ ಯೋಜನೆಯನ್ನೂ ಸೇರಿಸಿದೆ. ನಾವು ಕೇಳುತ್ತಿಲ್ಲ, ಅಷ್ಟೇ. ಕೇಳಿದರೂ ಬಾಯಿಮಾತಲ್ಲಿ ಕೇಳಿ ಸುಮ್ನೆ ಬರುತ್ತೇವೆ.

ಮೊದಲು ಒಂದೇ ಬೇಡಿಕೆ ಆರಿಸಿಕೊಳ್ಳಿ. ಹತ್ತು ಕೊಟ್ಟರೆ ಹತ್ತೂ ಮೂಲೆ ಸೇರುತ್ತವೆ. ಕಾಫಿ ಒಣಗಿಸುವ ಸಾಮೂಹಿಕ ಕಣ ಅಂತಿಟ್ಟುಕೊಳ್ಳಿ. ಎರಡು ಮೂರು ಎಕರೆ ಇರುವ ಎಷ್ಟೋ ಮಂದಿಗೆ ಸ್ವಂತ ಸಿಮೆಂಟ್ ಕಣ ಇಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಅರೇಬಿಕಾ ಕುಯ್ಲು. ಆಗಲೇ ಮಳೆ ಹಿಡಿದರೆ ಹಣ್ಣಿಗೆ ಬೂಷ್ಟು. ಚೆನ್ನಾಗಿ ಒಣಗಿದ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ತಿರ ಕುಲುಕಿದರೆ ಗಲಗಲ ಎನ್ನುತ್ತದೆ. ವ್ಯಾಪಾರಿ ಇದನ್ನೆಲ್ಲ ನಂಬುವುದಿಲ್ಲ, ತೇವ ಅಳೆಯುವ ಮಾಯಿಶ್ಚರ್ ಮೀಟರಿಗೆ ಹಾಕುತ್ತಾನೆ. ತೇವ ಜಾಸ್ತಿ ತೋರಿಸಿತೋ, 50 ಕೆ.ಜಿ. ಮೂಟೆಯ ರೇಟಿಗೆ ಕತ್ತರಿ. ಹಾಗಾಗಿ ಕಣದ ಜೊತೆ ಮೀಟರ್, ಟಾರ್ಪಲ್ ಇಡಲು ಶೆಡ್ ಕೂಡ ಕೇಳಿ.

ಆಮೇಲೆ ಜಾಗ. ಕೊಡಗಿನಲ್ಲಿ ಕೆಲಸ ಕೆಡುವುದೇ ಇಲ್ಲಿ. ಬಾಣೆ ಜಾಗ, ಅಂದರೆ ಗದ್ದೆಗೆ ಸೇರಿದ ಮರಕಾಡಿನ ಜಾಗ, ಖಾಲಿ ಕಾಣಿಸಬಹುದು, ಆದರೆ ಪಹಣಿ ತೆಗೆದರೆ ಇಡೀ ಕುಟುಂಬದ ಹೆಸರಿರುತ್ತದೆ. ದೇವರಕಾಡಿನ ತಂಟೆಗಂತೂ ಹೋಗಲೇಬೇಡಿ. ಪೈಸಾರಿ, ಅಂದರೆ ಸರ್ಕಾರಿ ಜಾಗವನ್ನೇ ಹುಡುಕಿ, ಸರ್ವೆ ನಂಬರ್ ಬರೆದುಕೊಳ್ಳಿ. ಒತ್ತುವರಿ ಇದೆಯಾ ಎಂದು ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ.

ಈಗ ಅರ್ಜಿ. ಯಾವ ಕೆಲಸ, ಎಲ್ಲಿ, ಎಷ್ಟು ಮನೆಗೆ ಉಪಯೋಗ, ಬೀಗದ ಕೈ ಯಾರ ಹತ್ತಿರ, ಸರದಿ ಹೇಗೆ, ಮೂಟೆಗೆ ಬಾಡಿಗೆ ಎಷ್ಟು. ಇಷ್ಟು ಒಂದೇ ಪುಟದಲ್ಲಿ ಬರಲಿ. ವಾರ್ಡ್ ಸಭೆಯಲ್ಲಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಯೋಜನೆ ತಯಾರಿಯ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರು. ನಮಗೂ ಅದೇ ಒಳ್ಳೆ ಸಮಯ. ಕುಯ್ಲು ಶುರುವಾದ ಮೇಲೆ ಸಭೆ ಇಟ್ಟರೆ ಜನಕ್ಕಿಂತ ಕುರ್ಚಿಗಳೇ ಜಾಸ್ತಿ! ಸಂತೆ ದಿನವೂ ಬೇಡ. ತೋಟದ ಕಾರ್ಮಿಕರಿರುವ ಲೈನ್ ಮನೆಯವರಿಗೆ, ಆದಿವಾಸಿ ಹಾಡಿಯವರಿಗೆ ನೀವೇ ಹೋಗಿ ಹೇಳಿ. ನೋಟಿಸ್ ಬೋರ್ಡ್ ನೋಡಿ ಯಾರು ಬರುತ್ತಾರೆ?

ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ಹಣಕಾಸು ಆಯೋಗದ ಅನುದಾನಕ್ಕೆ ಕಟ್ಟುಪಾಡು ಇರುತ್ತದೆ. 2021–26ರಲ್ಲಿ ಅದರ ಶೇ 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆದ್ದರಿಂದ ಪಂಚಾಯಿತಿಯ ಸ್ವಂತ ಆದಾಯ ಎಷ್ಟು ಎಂದು ಕೇಳಿ. ಊರಿನ ಹೋಂಸ್ಟೇಗಳೆಲ್ಲ ತೆರಿಗೆ ಪಟ್ಟಿಯಲ್ಲಿ ಇವೆಯಾ ಎಂದೂ ಕೇಳಿ, ಮುಜುಗರ ಬೇಡ. ಕಾಫಿ ಹುರಿಯುವ, ಪುಡಿ ಮಾಡುವ ಯಂತ್ರ ಬೇಕಿದ್ದರೆ ಅದು ಬೇರೆ ದಾರಿ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮೂಲಕ ಸಾಲ, ಸಬ್ಸಿಡಿ ವಿಚಾರಿಸಿ.

ಗ್ರಾಮ ಸಭೆ ಮುಗಿದ ಮೇಲೆ ಕಾಫಿ ಕುಡಿದು ಎದ್ದು ಬರಬೇಡಿ. ನಿಮ್ಮ ಬೇಡಿಕೆ ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರಾ ಎಂದು ಓದಿ, ನಂತರ ಸಹಿ ಹಾಕಿ. ಯೋಜನೆಯನ್ನು ಇ-ಗ್ರಾಮ ಸ್ವರಾಜ್ ಜಾಲತಾಣಕ್ಕೆ ಹಾಕುತ್ತಾರೆ, ಮೊಬೈಲಿನಲ್ಲೇ ನೋಡಬಹುದು. ಅಲ್ಲಿ ಕಾಣದಿದ್ದರೆ ಸೀಲು ಹಾಕಿಸಿದ ಪ್ರತಿ ಹಿಡಿದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗಿ. ಸರಿಯಾದ ಉತ್ತರ ಸಿಗಲಿಲ್ಲವಾ? ಮಾಹಿತಿ ಹಕ್ಕಿನಲ್ಲಿ ನಡಾವಳಿಯ ನಕಲು ಕೇಳಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು.