ಬಣ್ಣದ ಎಲೆ ನೋಡಲು ಕ್ಯಾಂಕಮಾಗಸ್‌ಗೆ: ಹೊಸಬರಿಗೆ ಮಾರ್ಗದರ್ಶಿ

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅಮೆರಿಕಕ್ಕೆ ಹೊಸದಾಗಿ ಬಂದ ಪ್ರತಿ ಮನೆಯವರೂ ಕೇಳುವುದು ಒಂದೇ: ಎಲೆ ನೋಡೋಕೆ ಎಲ್ಲಿಗೆ ಹೋಗೋದು? ಬಾಸ್ಟನ್ ಸುತ್ತಮುತ್ತ ಇರುವವರಿಗೆ ನಮ್ಮ ಉತ್ತರ, ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಕಮಾಗಸ್ ಹೈವೇ. ಲಿಂಕನ್ ಊರಿನಿಂದ ಕಾನ್ವೇ ಊರಿಗೆ, ವೈಟ್ ಮೌಂಟನ್ ಕಾಡಿನ ನಡುವೆ ಸುಮಾರು 34 ಮೈಲಿ ದಾರಿ. ಆಗುಂಬೆ, ಚಾರ್ಮಾಡಿ ನೋಡಿದವರು ಇದೇನು ಮಹಾ ಅನ್ನಬೇಡಿ. ನಮ್ಮ ಘಟ್ಟದ ಹಸಿರು ವರ್ಷವಿಡೀ ಇರುತ್ತದೆ. ಎಲೆ ಉದುರುವ ಮೊದಲು ಬರುವ ಇಲ್ಲಿನ ಕೆಂಪು ಒಂದೆರಡು ವಾರ ಮಾತ್ರ.

ಯಾವಾಗ?

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಬಣ್ಣ ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಹಗಲು ಬಿಸಿಲು, ರಾತ್ರಿ ಚಳಿ ಇದ್ದರೆ ಮೇಪಲ್ ಮರಗಳ ಕೆಂಪು ಚೆನ್ನಾಗಿ ಏರುತ್ತದೆ. ಒಂದು ಜೋರು ಗಾಳಿಮಳೆ ಬಂತೋ, ಎಲೆ ಎಲ್ಲಾ ನೆಲದ ಮೇಲೆ. ಆದ್ದರಿಂದ ತಿಂಗಳ ಮೊದಲೇ ತಾರೀಖು ಗಟ್ಟಿ ಮಾಡಬೇಡಿ. ನ್ಯೂ ಹ್ಯಾಂಪ್‌ಶೈರ್ ಪ್ರವಾಸೋದ್ಯಮದವರು ಎಲೆ ಎಲ್ಲೆಲ್ಲಿ ಹಣ್ಣಾಗಿದೆ ಅಂತ ನಕ್ಷೆ ಹಾಕುತ್ತಾರೆ, ಅದನ್ನು ನೋಡಿಕೊಂಡು ಹೊರಡಿ.

ಅಕ್ಟೋಬರ್ ಎರಡನೇ ಸೋಮವಾರದ ಲಾಂಗ್ ವೀಕೆಂಡ್ ಬೇಡವೇ ಬೇಡ. ಸಾಧ್ಯವಾದರೆ ವಾರದ ಮಧ್ಯೆ ಒಂದು ದಿನ ರಜೆ ಹಾಕಿ. ದಸರಾ ಗೊಂಬೆ ನೋಡಲು ಕರೆಯುವವರೂ ಇದೇ ಶನಿವಾರ, ಭಾನುವಾರಗಳಲ್ಲಿ ಕರೆಯುತ್ತಾರೆ. ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಂಡರೆ ಎರಡೂ ಕೆಡುತ್ತವೆ.

ಎಷ್ಟು ಗಂಟೆಗೆ ಹೊರಡಬೇಕು?

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಮ್ಮವರು ಸ್ನಾನ, ಪೂಜೆ, ತಿಂಡಿ ಮುಗಿಸಿ ಕಾರು ಹತ್ತುವುದೇ ಹತ್ತು ಗಂಟೆಗೆ. ಬಾಸ್ಟನ್‌ನಿಂದ ಲಿಂಕನ್‌ಗೆ ಐ-93 ಹೆದ್ದಾರಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಬೇಕು. ಅಷ್ಟು ಹೊತ್ತಿಗೆ ಪಾರ್ಕಿಂಗ್ ಎಲ್ಲಾ ತುಂಬಿರುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಸಂಜೆ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಬೆಟ್ಟದ ಮರೆಯಲ್ಲಿ ಬೆಳಕು ಇನ್ನೂ ಬೇಗ ಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಮನೆ ಬಿಡಿ. ತಿಂಡಿ ಡಬ್ಬಿಯಲ್ಲಿ ಬರಲಿ.

ನಾಲ್ಕು ಮನೆಯವರು ಸೇರಿ ನಾಲ್ಕು ಕಾರಲ್ಲಿ ಹೋಗುವುದಾದರೆ ಒಬ್ಬರಿಗೊಬ್ಬರು ಕಾಯುತ್ತಾ ರಸ್ತೆ ಬದಿ ನಿಲ್ಲಬೇಡಿ. ಬೆಟ್ಟದ ಮೇಲೆ ಫೋನ್ ಸಿಗ್ನಲ್ ಬಹುತೇಕ ಸಿಗುವುದಿಲ್ಲ. "ಎಲ್ಲಿದ್ದೀರಾ?" ಅಂತ ಕೇಳಲು ಆಗುವುದಿಲ್ಲ. ಎಲ್ಲಿ, ಎಷ್ಟು ಹೊತ್ತಿಗೆ ಸೇರುವುದು ಅಂತ ಮನೆಯಲ್ಲೇ ಮಾತಾಡಿಕೊಳ್ಳಿ. ನಕ್ಷೆ ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಗ್ಯಾಸ್ (ಪೆಟ್ರೋಲ್) ಮತ್ತು ಶೌಚಾಲಯ

ಈ 34 ಮೈಲಿಯಲ್ಲಿ ಒಂದೇ ಒಂದು ಗ್ಯಾಸ್ ಸ್ಟೇಷನ್ ಇಲ್ಲ. ಹೋಟೆಲ್ ಇಲ್ಲ, ಕಾಫಿ ಅಂಗಡಿಯೂ ಇಲ್ಲ. ಲಿಂಕನ್‌ನಲ್ಲೇ ಟ್ಯಾಂಕ್ ತುಂಬಿಸಿ. ಅರ್ಧ ಇದೆ, ಸಾಕು ಅನ್ನಬೇಡಿ. ಟ್ರಾಫಿಕ್‌ನಲ್ಲಿ ಹೀಟರ್ ಹಾಕಿಕೊಂಡು ನಿಂತಾಗ ಆ ಅರ್ಧವೂ ಇಳಿಯುತ್ತದೆ.

ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಇದು ಇನ್ನೂ ಮುಖ್ಯ. ಹಿರಿಯರು ಸಂಕೋಚಕ್ಕೆ ಹೇಳುವುದಿಲ್ಲ, ತಡೆದುಕೊಂಡು ಕೂರುತ್ತಾರೆ. ನೀವೇ ಕೇಳಿ. ಹೋಗುವಾಗ ಹುಕ್ಸೆಟ್‌ನ ವೆಲ್ಕಮ್ ಸೆಂಟರ್‌ನಲ್ಲಿ ಎಲ್ಲರೂ ಇಳಿಯಲೇಬೇಕು. ಲಿಂಕನ್‌ನಲ್ಲಿ ಇನ್ನೊಮ್ಮೆ. ಕಾಡಿನೊಳಗಿನ ಶೌಚಾಲಯಗಳು ಹೆಚ್ಚಾಗಿ ಗುಂಡಿಯವು, ನೀರು ಬರುವುದಿಲ್ಲ. ಒಂದು ಬಾಟಲಿ ನೀರು, ಟಿಶ್ಯೂ, ಸ್ಯಾನಿಟೈಸರ್ ಕೈಗೆ ಸಿಗುವ ಹಾಗೆ ಇರಲಿ. ಅಮ್ಮಂದಿರಿಗೆ ಸೀರೆ ಇದ್ದರೂ ಸರಿ, ಕಾಲಿಗೆ ಸಾಕ್ಸು ಶೂ ಹಾಕಿಸಿ. ಮೇಲೆ 2,800 ಅಡಿ ಎತ್ತರದಲ್ಲಿ ಗಾಳಿ ಕೊರೆಯುತ್ತದೆ.

ಎಲ್ಲಿ ನಿಲ್ಲಬೇಕು?

ಲಿಂಕನ್ ಕಡೆಯಿಂದ ಹೊರಟರೆ ಸಿಗುವ ಕ್ರಮದಲ್ಲಿ:
- ಹ್ಯಾನ್‌ಕಾಕ್ ಓವರ್‌ಲುಕ್ (ಕಾರು ನಿಲ್ಲಿಸಿ ನೋಟ ನೋಡುವ ಜಾಗ), ದೊಡ್ಡ ತಿರುವಿನ ಹತ್ತಿರ
- ಪೆಮಿಜೆವಾಸೆಟ್ ಓವರ್‌ಲುಕ್
- ಶುಗರ್ ಹಿಲ್ ಓವರ್‌ಲುಕ್
- ಸಬ್ಬಡೇ ಫಾಲ್ಸ್: ಸ್ವಲ್ಪವೇ ನಡಿಗೆ, ಮಕ್ಕಳಿಗೂ ಆಗುತ್ತದೆ
- ರಾಕಿ ಗಾರ್ಜ್
- ಲೋವರ್ ಫಾಲ್ಸ್
- ಆಲ್ಬನಿಯ ಚಾವಣಿ ಇರುವ ಮರದ ಸೇತುವೆ

ಕೆಲವು ಕಡೆ ದಿನಕ್ಕೆ 5 ಡಾಲರ್ ಶುಲ್ಕ ಇದೆ. ಕೇಳಲು ಯಾರೂ ನಿಂತಿರುವುದಿಲ್ಲ, ಲಕೋಟೆಯಲ್ಲಿ ಹಾಕಿ ಬರಬೇಕು. ಯಾರೂ ನೋಡುತ್ತಿಲ್ಲ ಅಂತ ಬಿಟ್ಟು ಬರಬೇಡಿ. ಚಿಲ್ಲರೆ ನೋಟು ಇಟ್ಟುಕೊಳ್ಳಿ.

ರಸ್ತೆ ಮಧ್ಯೆ ಕಾರು ನಿಲ್ಲಿಸಿ ಸೆಲ್ಫಿ ಬೇಡ. ಹಳದಿ ಗೆರೆ ಮೇಲೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವವರನ್ನು ಪ್ರತಿ ವರ್ಷ ನೋಡುತ್ತೇವೆ, ಅವರಲ್ಲಿ ನಮ್ಮವರೂ ಇರುತ್ತಾರೆ, ಬೇಜಾರಾಗುತ್ತದೆ. ತಿರುವಿನಿಂದ ಬರುವ ಕಾರಿಗೆ ನೀವು ಕಾಣುವುದಿಲ್ಲ. ನದಿಯ ಬಂಡೆಗಳು ಒದ್ದೆಯಾಗಿ ಜಾರುತ್ತವೆ, ಚಿಕ್ಕ ಮಕ್ಕಳ ಕೈ ಬಿಡಬೇಡಿ. ಮುಸ್ಸಂಜೆಯಲ್ಲಿ ಮೂಸ್ (ಭಾರಿ ಗಾತ್ರದ ಜಿಂಕೆ) ರಸ್ತೆಗೆ ಬರುತ್ತವೆ. ಮೈ ಕಪ್ಪು, ಕಾಲು ಉದ್ದ, ಹೆಡ್‌ಲೈಟಿಗೆ ಬೇಗ ಕಾಣುವುದಿಲ್ಲ. ನಿಧಾನಕ್ಕೆ ಓಡಿಸಿ.

ಊಟ

ಚಿತ್ರಾನ್ನ, ಚಪಾತಿ ಪಲ್ಯ, ಮೊಸರನ್ನ. ಉಪ್ಪಿನಕಾಯಿ. ಫ್ಲಾಸ್ಕಿನಲ್ಲಿ ಕಾಫಿ. ತಟ್ಟೆ, ಚಮಚ, ಕಸಕ್ಕೆ ಒಂದು ಚೀಲ. ತಂದ ಕಸ ನಿಮ್ಮ ಕಾರಿನಲ್ಲೇ ವಾಪಸ್ ಬರಬೇಕು. ಇದು ಕರಡಿ ಓಡಾಡುವ ಕಾಡು, ಉಳಿದ ಅನ್ನವನ್ನು ಹಕ್ಕಿಗೆ ಅಂತ ಮರದ ಬುಡಕ್ಕೆ ಹಾಕಬೇಡಿ.

ವಾಪಸ್

ಕಾನ್ವೇ, ನಾರ್ತ್ ಕಾನ್ವೇಯಲ್ಲಿ ಮಧ್ಯಾಹ್ನದ ಮೇಲೆ ವಾಹನ ಅಲುಗಾಡುವುದಿಲ್ಲ. ಸೇಲ್ಸ್ ಟ್ಯಾಕ್ಸ್ ಇಲ್ಲ ಅಂತ ಔಟ್‌ಲೆಟ್ ಮಾಲ್‌ಗೆ ನುಗ್ಗಿದರೆ ಮನೆ ಸೇರುವುದು ರಾತ್ರಿ. ಶಾಪಿಂಗ್‌ಗೆ ಬೇರೆ ದಿನ ಬನ್ನಿ. ಟೋಲ್‌ಗೆ ಈ-ಝೀ ಪಾಸ್ (ಕಾರು ನಿಲ್ಲಿಸದೆ ಟೋಲ್ ಕಟ್ಟುವ ಸಾಧನ) ಇರಲಿ.

ಈ ಸಲ ತಪ್ಪಿಹೋಯಿತಾ? ಅಕ್ಟೋಬರ್ ಮಧ್ಯದ ನಂತರ ಪಶ್ಚಿಮ ಮ್ಯಾಸಚೂಸೆಟ್ಸ್‌ನ ಮೊಹಾಕ್ ಟ್ರೇಲ್, ಅಂದರೆ ರೂಟ್ 2, ನೋಡಿ. ತಿಂಗಳ ಕೊನೆಗೆ ಬಾಸ್ಟನ್ ಪಕ್ಕದ ಬ್ಲೂ ಹಿಲ್ಸ್‌ನಲ್ಲೂ ಬಣ್ಣ ಇರುತ್ತದೆ.