ನೋಟಿಸಿನ ತಲೆಬರಹಕ್ಕೆ ಕ್ಲಾರೆಂಡನ್ ಬಗೆಯ ದಪ್ಪ ಅಕ್ಷರ

ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆ ಯಕ್ಷಗಾನದ ನೋಟಿಸು ಮಾಡುವವರಿಗೆ ಒಂದು ಸಲಹೆ. ನಮ್ಮಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಒಂದೇ ಹಾಳೆಯಲ್ಲಿ ಬರುತ್ತವೆ ಅಲ್ವಾ? ಇಂಗ್ಲಿಷ್ ತಲೆಬರಹಕ್ಕೆ ಕ್ಲಾರೆಂಡನ್ ಬಗೆಯ ಅಕ್ಷರ ಹಾಕಿ ನೋಡಿ. 1845ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಬೆಸ್ಲಿ ತಂದ ಅಚ್ಚು ಇದು. ಸಾಲಿನ ನಡುವೆ ಒಂದು ಪದ ಎದ್ದು ಕಾಣಲೆಂದೇ ಬಂದದ್ದು. ಅಕ್ಷರದ ತುದಿಯ ಪಾದಗಳು (ಸೆರಿಫ್) ಗಟ್ಟಿ, ಆದರೆ ಕಾಂಡಕ್ಕೆ, ಅಂದರೆ ಅಕ್ಷರದ ಮುಖ್ಯ ಗೆರೆಗೆ, ಸೇರುವಲ್ಲಿ ಮೆತ್ತಗೆ ಬಾಗುತ್ತವೆ. ತೆಳು ಗೆರೆಯೂ ತೀರಾ ತೆಳುವಲ್ಲ.

ಅದೇ ಇಲ್ಲಿ ಮುಖ್ಯ. ಹಿಂದೊಮ್ಮೆ ನಾನು ತೀರಾ ತೆಳು ಗೆರೆಗಳಿರುವ ಬೊಡೋನಿ ಬೋಲ್ಡ್ ಫಾಂಟ್ ಹಾಕಿದ್ದೆ. ಪರದೆ ಮೇಲೆ ಬಹಳ ಚಂದ. ಜೆರಾಕ್ಸ್ ಆದಾಗ ತೆಳು ಗೆರೆ ಹೋಗಿ 'ಎಚ್' ಅಕ್ಷರ ಎರಡು ಕಂಬವಾಗಿ ಉಳಿಯಿತು.

ಗೂಗಲ್ ಫಾಂಟ್ಸಿನಲ್ಲಿ 'ಬೆಸ್ಲಿ' ಹೆಸರಿನಲ್ಲೇ ಈ ಬಗೆಯ ಫಾಂಟ್ ಉಚಿತವಾಗಿ ಸಿಗುತ್ತದೆ. ಜೊತೆಗೆ ನೋಟೋ ಸೆರಿಫ್ ಕನ್ನಡ, ನೋಟೋ ಸೆರಿಫ್ ಮಲಯಾಳಂ ಇಟ್ಟುಕೊಳ್ಳಿ. ಎರಡಕ್ಕೂ ಹಲವು ದಪ್ಪಗಳಿವೆ.

ಕನ್ನಡಕ್ಕೆ ಮಾತ್ರ ಅತಿ ದಪ್ಪ ಬೇಡ. ಸೆಮಿಬೋಲ್ಡ್ ಸಾಕು. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಶಾಯಿ ಹರಡಿ ಅದು ಮುಚ್ಚಿದರೆ 'ಧರ್ಮಸ್ಥಳ' 'ದರ್ಮಸ್ಥಳ' ಆಗುತ್ತದೆ. ನೋಡುವಾಗ ನಿಜಕ್ಕೂ ಬೇಜಾರು. ಒತ್ತಕ್ಷರಕ್ಕೆ ಸಾಲಿನ ಅಂತರವನ್ನೂ ಸ್ವಲ್ಪ ಜಾಸ್ತಿ ಕೊಡಿ. ಕಲಾವಿದರ ಹೆಸರಿನ ಪಟ್ಟಿಗೆ ಸಾದಾ ಅಕ್ಷರವೇ ಇರಲಿ. ಅಚ್ಚಿಗೆ ಕೊಡುವ ಮೊದಲು ಒಂದು ಜೆರಾಕ್ಸ್ ತೆಗೆದು, ಕೈ ಚಾಚಿ ಹಿಡಿದು ಓದಿ.