ಪ್ಯಾಕೆಟ್ಟಿನ ಹಿಂಬದಿ ಓದಿ, ಮನೆಯ ಚಹಾವನ್ನೂ ಲೆಕ್ಕಕ್ಕೆ ಹಿಡಿಯಿರಿ

ನಮ್ಮ ಓಣಿಯ ಸೊಸೆಯಂದಿರು ಈಗೀಗ ಕೈಯಲ್ಲಿ ಪ್ಯಾಕೆಟ್ ಹಿಡಿದುಕೊಂಡೇ ನನ್ನ ಹತ್ತಿರ ಬರುತ್ತಾರೆ. "ಆಯಿ, ಇದರಾಗ ಏನೇನೋ ನಂಬರ್ ಬರದಾರ್ರೀ. ಹುಡುಗಗ ಕೊಡಬಹುದೇನ್ರೀ?" ಅಂತ ಕೇಳುತ್ತಾರೆ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಹೆದರಿರುತ್ತಾರೆ. ಹೆದರುವುದು ತಪ್ಪಲ್ಲ. ಮಕ್ಕಳ ಹೊಟ್ಟೆಗೆ ಏನು ಹೋಗುತ್ತದೆ ಅಂತ ಮನೆಯವರು ನೋಡದೆ ಇನ್ಯಾರು ನೋಡಬೇಕು? ಆದರೆ ಹುಬ್ಬಳ್ಳಿಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ನನಗೆ ಒಂದು ಮಾತು ಹೇಳಲೇಬೇಕು ಅನಿಸುತ್ತದೆ. ಬಣ್ಣಕ್ಕೆ, ಹುಳಿಗೆ, ರುಚಿಗೆ ಅಂತ ಏನೇನು ಬೆರೆಸಿದ್ದಾರೆ ಅಂತ ತೋರಿಸುವ ಪ್ಯಾಕೆಟ್ಟಿನ ನಂಬರಿಗೆ ನಾವು ಹೆದರುತ್ತೇವೆ. ನಮ್ಮ ಒಲೆಯ ಮೇಲೆ ದಿನಾ ಕುದಿಯುವ ಚಹಾವನ್ನು ಮಾತ್ರ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಮ್ಮ ಕಡೆ ಚಹಾ ಇಲ್ಲದೆ ಬೆಳಗಾಗುವುದಿಲ್ಲ. ದೊಡ್ಡವರು ಕುಡಿಯುವಾಗ ಮಗು ಪಕ್ಕದಲ್ಲಿ ಕುಳಿತಿರುತ್ತದೆ. ಬಸಿಯಲ್ಲಿ ಒಂದಿಷ್ಟು ಹಾಕಿಕೊಟ್ಟು, ಒಂದು ಟೋಸ್ಟ್ ಅಥವಾ ಖಾರಿ ಕೊಟ್ಟರೆ ಅದ್ದಿಕೊಂಡು ತಿನ್ನುತ್ತದೆ. ಸಾಲಿಗೆ ಹೋಗುವ ಅವಸರದಲ್ಲಿ ಅದೇ ಅದರ ನಾಷ್ಟಾ ಆಗಿಬಿಡುತ್ತದೆ. ಸಂಜೆ ಮತ್ತೆ ಅಷ್ಟೇ. "ಚಹಾ ಅಲ್ಲವ್ವಾ, ಬರೀ ಹಾಲು ಜಾಸ್ತಿ ಹಾಕೇವಿ" ಅನ್ನುತ್ತಾರೆ. ಹಾಲು ಎಷ್ಟು ಹಾಕಿದರೂ ಚಹಾಪುಡಿಯಿಂದ ಇಳಿದ ಕೆಫೀನ್, ಅಂದರೆ ನಿದ್ದೆ ಓಡಿಸುವ ಅಂಶ, ಎಲ್ಲಿಗೂ ಹೋಗುವುದಿಲ್ಲ. ಪುಡಿ ಎಷ್ಟು ಹಾಕಿದಿರಿ, ಮಗು ಎಷ್ಟು ಕುಡಿಯಿತು, ಲೆಕ್ಕ ಅದರ ಮೇಲೆಯೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರ ಆಹಾರದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ 150 ಮಿ.ಲೀ.ನ ಒಂದು ಕಪ್ ಚಹಾದಲ್ಲಿ 30ರಿಂದ 65 ಮಿ.ಗ್ರಾಂ ಕೆಫೀನ್ ಇರುತ್ತದೆ. ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಡಿಕಾಕ್ಷನ್ ಇಳಿಸಿ ಮಾಡಿದ ಕಾಫಿಯಲ್ಲಿ 80ರಿಂದ 120. ದೊಡ್ಡವರಿಗೆ ದಿನಕ್ಕೆ 300 ಮಿ.ಗ್ರಾಂ ದಾಟದಿದ್ದರೆ ಸಾಕು ಅಂತ ಅವರು ಹೇಳಿದ್ದಾರೆ. ಮಕ್ಕಳ ಮಾತು ಬೇರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಮಕ್ಕಳಿಗೆ ಮೈತೂಕದ ಒಂದು ಕಿಲೋಗೆ 3 ಮಿ.ಗ್ರಾಂ ಅಂತ ಮಿತಿ ಹಾಕಿತು. ನಿಮ್ಮ ಮೊಮ್ಮಗ 20 ಕಿಲೋ ಇದ್ದರೆ ಇಡೀ ದಿನಕ್ಕೆ 60 ಮಿ.ಗ್ರಾಂ. ಬೆಳಗ್ಗೆ ಅರ್ಧ ಕಪ್, ಸಂಜೆ ಅರ್ಧ ಕಪ್ ಗಟ್ಟಿ ಚಹಾ ಕುಡಿದರೆ ಅಲ್ಲಿಗೇ ಆಯ್ತು. ಇನ್ನು ಕೋಲಾ, ಚಾಕಲೇಟ್ ಎಲ್ಲ ಅದರ ಮೇಲೆ. ರಾತ್ರಿ ಹತ್ತಾದರೂ ಹುಡುಗ ಮಲಗುವುದಿಲ್ಲ, ಸುಮ್ಮಸುಮ್ನೆ ಸಿಟ್ಟು ಮಾಡುತ್ತಾನೆ ಅಂತ ಗೋಳಾಡುವ ಮನೆಗಳಲ್ಲಿ ನಾನು ಮೊದಲು ಕೇಳುವುದು ಸಂಜೆಯ ಚಹಾದ ಬಗ್ಗೆ. ಒಮ್ಮೆ ಒಳಗೆ ಹೋದ ಕೆಫೀನ್ ಅರ್ಧ ಇಳಿಯಲು ದೊಡ್ಡವರಿಗೇ ಸುಮಾರು ಐದು ತಾಸು ಬೇಕು.

ಚಹಾದ ಇನ್ನೊಂದು ತೊಂದರೆ ಬಹಳ ಜನರಿಗೆ ಗೊತ್ತಿಲ್ಲ. ರೊಟ್ಟಿ ಊಟ ಮುಗಿಸಿ ಕೈ ತೊಳೆದ ಕೂಡಲೇ ಚಹಾ ಕುಡಿಯುವ ರೂಢಿ ಎಷ್ಟೋ ಮನೆಗಳಲ್ಲಿದೆ. ಚಹಾದಲ್ಲಿರುವ ಟ್ಯಾನಿನ್ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಮೆಂತ್ಯೆ ಪಲ್ಯ, ರಾಜಗಿರಿ ಪಲ್ಯ, ಮೊಳಕೆ ಕಾಳು ಅಂತ ಕಷ್ಟಪಟ್ಟು ಮಾಡಿ ಉಣಿಸಿ, ಮೇಲೊಂದು ಕಪ್ ಚಹಾ ಕೊಟ್ಟರೆ ಉಣಿಸಿದ್ದರಲ್ಲಿ ಎಷ್ಟೋ ದಂಡವಾಗುತ್ತದೆ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ಆಮೇಲೆ ಚಹಾ ಕಾಫಿ ಬೇಡ ಅಂತ ಅದೇ ಮಾರ್ಗಸೂಚಿಯಲ್ಲಿದೆ. ಬಸುರಿ ಹೆಣ್ಣುಮಕ್ಕಳಂತೂ ಇದನ್ನು ಗಟ್ಟಿಯಾಗಿ ಪಾಲಿಸಬೇಕು. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗೆ ಮಾಡಬೇಡಿ. ನೀರಿನ ಜೊತೆ ತಗೊಳ್ಳಿ, ಊಟದಲ್ಲಿ ಲಿಂಬೆ ಹಿಂಡಿಕೊಳ್ಳಿ. ಲಿಂಬೆಯ ಹುಳಿ ಕಬ್ಬಿಣಾಂಶ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಬಸುರಿಯರಿಗೆ ಕೆಫೀನ್ ಮಿತಿಯೂ ಕಡಿಮೆ, ದಿನಕ್ಕೆ 200 ಮಿ.ಗ್ರಾಂ ಒಳಗೆ ಇರಬೇಕು.

ಈಗ ಬಾಟಲಿಗಳ ಮಾತು. ಮಾಮೂಲಿ ಕೋಲಾದಲ್ಲಿ 100 ಮಿ.ಲೀ.ಗೆ ಸುಮಾರು 10 ಮಿ.ಗ್ರಾಂ ಕೆಫೀನ್ ಇರುತ್ತದೆ. ನನಗೆ ಹೆಚ್ಚು ಚಿಂತೆ ಇರುವುದು ಎನರ್ಜಿ ಡ್ರಿಂಕ್ ಬಗ್ಗೆ. ಮೊದಲು ಅದು ದುಡ್ಡಿದ್ದವರ ಡಬ್ಬಿಯಾಗಿತ್ತು. ಈಗ ಸಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲಿ ಕಿರಾಣಿ ಅಂಗಡಿ, ಪಾನ್ ಅಂಗಡಿ ಎಲ್ಲ ಕಡೆ ಸಿಗುತ್ತದೆ. ಸಾಲಿ ಹುಡುಗರು ಕ್ರಿಕೆಟ್ ಆಡಿ ಬಂದು ತಂಪಿಗೆ ಅಂತ ಗಟಗಟ ಕುಡಿಯುತ್ತಾರೆ. ಶರಬತ್ತು ಅಂದುಕೊಂಡಿರುತ್ತಾರೆ ಪಾಪ. ನಮ್ಮ ದೇಶದ ನಿಯಮದ ಪ್ರಕಾರ ಇಂಥ ಪಾನೀಯದಲ್ಲಿ ಒಂದು ಲೀಟರಿಗೆ 145ರಿಂದ 300 ಮಿ.ಗ್ರಾಂ ತನಕ ಕೆಫೀನ್ ಇರಬಹುದು. ಲೇಬಲ್ಲಿನಲ್ಲಿ 100 ಮಿ.ಲೀ.ಗೆ 29 ಅಂತ ಬರೆದಿದ್ದರೆ ಕಡಿಮೆ ಅನಿಸುತ್ತದೆ, ಅಲ್ವಾ? 250 ಮಿ.ಲೀ.ನ ಬಾಟಲಿ ಪೂರ್ತಿ ಕುಡಿದರೆ ಅದು 72 ದಾಟುತ್ತದೆ. 20 ಕಿಲೋ ಹುಡುಗನ ದಿನದ ಮಿತಿ ಒಂದೇ ಬಾಟಲಿಗೆ ಮುಗಿದು ಮೇಲೂ ಆಯ್ತು. ಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೆ ಬೇಡ, ದಿನಕ್ಕೆ 500 ಮಿ.ಲೀ. ಮೀರಬೇಡಿ ಅಂತ ಆ ಬಾಟಲಿಯ ಮೇಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇಂಗ್ಲಿಷಿನಲ್ಲಿರುವುದರಿಂದ ಅಜ್ಜಿ ಅಜ್ಜಂದಿರು ಓದುವುದಿಲ್ಲ. ಮೊಮ್ಮಗನ ಕೈಯಿಂದಲೇ ಜೋರಾಗಿ ಓದಿಸಿ. ನಾವು ಹತ್ತು ಸಲ ಬೈದರೂ ಕೇಳದ ಹುಡುಗರು ಅದನ್ನು ತಾವೇ ಓದಿದಾಗ ಒಂದು ಕ್ಷಣ ನಿಲ್ಲುತ್ತಾರೆ.

ಕೆಫೀನ್ ಅಡಗಿ ಕೂರುವ ಜಾಗ ಇನ್ನೂ ಇವೆ. ಚಾಕಲೇಟಿನ ಕೋಕೋದಲ್ಲಿ ಇರುತ್ತದೆ, ಕಪ್ಪು ಚಾಕಲೇಟಿನಲ್ಲಿ ಜಾಸ್ತಿ. ಕಾಫಿ ಐಸ್‌ಕ್ರೀಂ, ಕೋಲ್ಡ್ ಕಾಫಿ, ಐಸ್ ಟೀ ಎಲ್ಲದರಲ್ಲೂ ಇರುತ್ತದೆ. ಗ್ರೀನ್ ಟೀ ಅಂದರೆ ಔಷಧ ಅಂತ ತಿಳಿದವರಿದ್ದಾರೆ, ಅದೂ ಚಹಾದ ಎಲೆಯೇ. ಲೇಬಲ್ಲಿನಲ್ಲಿ ಗ್ವಾರಾನಾ ಅಂತ ಇದ್ದರೂ ಅದು ಕೆಫೀನ್ ಇರುವ ಬೀಜವೇ.

ಎಲ್ಲಕ್ಕಿಂತ ಯಾರೂ ಗಮನಿಸದ್ದು ತಲೆನೋವಿನ ಗುಳಿಗೆ. ಡಾಕ್ಟರ ಚೀಟಿ ಇಲ್ಲದೆ ಸಿಗುವ ಕೆಲವು ಗುಳಿಗೆಗಳಲ್ಲಿ ಒಂದೊಂದಕ್ಕೆ 50 ಮಿ.ಗ್ರಾಂ ಆಸುಪಾಸು ಕೆಫೀನ್ ಸೇರಿಸಿರುತ್ತಾರೆ. ನನ್ನ ನಾದಿನಿಗೆ ಬಹಳ ದಿನ ನಿದ್ದೆ ಇರಲಿಲ್ಲ. ಸಂಜೆ ಆರಕ್ಕೆ ಚಹಾ, ಊಟ ಆದ ಮೇಲೆ ಹೊಟ್ಟೆ ಕರಗಲಿ ಅಂತ ಗ್ರೀನ್ ಟೀ, ನಿದ್ದೆಗೆಟ್ಟು ತಲೆ ಸಿಡಿಯುತ್ತದೆ ಅಂತ ಮೇಲೊಂದು ಗುಳಿಗೆ. ಗುಳಿಗೆಯ ಚೀಟಿ ತಿರುವಿ ನೋಡಿದರೆ ಅದರಲ್ಲೂ ಕೆಫೀನ್! ಮೂರೂ ಕೂಡಿ ಆಕೆಯನ್ನು ರಾತ್ರಿಯಿಡೀ ಕೂರಿಸುತ್ತಿದ್ದವು. ಬಿಪಿ, ಎದೆ ಬಡಿತದ ತೊಂದರೆ ಇದ್ದವರು ಇಂಥ ಗುಳಿಗೆ ತಗೊಳ್ಳುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಹಾಲಿಗೆ ಹಾಕುವ ಕಂದು ಪುಡಿಗಳ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿ ಕೋಕೋ ಇದ್ದರೂ ಕೆಫೀನ್ ಬಹಳ ಕಡಿಮೆ. ಅಲ್ಲಿ ನೋಡಬೇಕಾದ್ದು ಸಕ್ಕರೆ. ಹಿಂಬದಿಯ ಪಟ್ಟಿಯಲ್ಲಿ ಸೇರಿಸಿದ ಸಕ್ಕರೆ 100 ಗ್ರಾಮಿಗೆ ಎಷ್ಟು ಅಂತ ನೋಡಿ. 30 ಅಂತ ಇದ್ದರೆ ಡಬ್ಬಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಸಕ್ಕರೆಗೇ ದುಡ್ಡು ಕೊಟ್ಟ ಹಾಗೆ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 'ಹೆಲ್ತ್ ಡ್ರಿಂಕ್' ಅನ್ನುವ ವರ್ಗವೇ ಇಲ್ಲ. ಅದಕ್ಕೇ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಆ ಹೆಸರಿನ ಸಾಲಿನಿಂದ ಇಂಥ ಪುಡಿಗಳನ್ನು ತೆಗೆಯಿರಿ ಅಂತ ಹೇಳಿತು. ನಮ್ಮ ಮನೆಯಲ್ಲಿ ಪುಟಾಣಿ (ಹುರಿಗಡಲೆ), ನಾಲ್ಕು ಬಾದಾಮಿ, ಏಲಕ್ಕಿ ಕೂಡಿಸಿ ನುಣ್ಣಗೆ ಪುಡಿ ಮಾಡಿ ಇಡುತ್ತೇವೆ. ಬಿಸಿ ಹಾಲಿಗೆ ಒಂದು ಚಮಚ ಸಾಕು.

ಇನ್ನು ಆ ನಂಬರುಗಳು. ನಂಬರ್ ಇದ್ದ ಮಾತ್ರಕ್ಕೆ ವಿಷ ಅಲ್ಲ. 500 ಅಂದರೆ ನಾವು ಭಜಿಗೆ ಹಾಕುವ ಅಡುಗೆ ಸೋಡಾ. 330 ಲಿಂಬೆಯಲ್ಲಿರುವ ಹುಳಿ. 100 ಅರಿಷಿಣದ ಬಣ್ಣ. 160ಸಿ ಅಂತ ಕಂಡರೆ ಅದು ಮೆಣಸಿನಕಾಯಿಯಿಂದ ತೆಗೆದ ಕೆಂಪು. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಅಷ್ಟು ಬೇಡಿಕೆ ಇರುವುದು ಖಾರಕ್ಕಲ್ಲ, ಈ ಬಣ್ಣಕ್ಕೇ. ಕಾರ್ಖಾನೆಗಳು ಅದರಿಂದ ಎಣ್ಣೆಯಂಥ ಬಣ್ಣದ ಸಾರ ತೆಗೆದು ದೇಶವಿದೇಶಕ್ಕೆ ಕಳಿಸುತ್ತವೆ. ಅಂಥ ನಂಬರಿಗೆ ಹೆದರಿ ಏನು ಮಾಡೋದು? ಬೇರೆ ಕಡೆ ಕಣ್ಣಿಡಿ. 102, 110, 122, 124, 129 ಇವು ಕಾರ್ಖಾನೆಯಲ್ಲಿ ತಯಾರಾದ ಹಳದಿ, ಕೇಸರಿ, ಕೆಂಪು ಬಣ್ಣಗಳು. ಮಿತಿಯೊಳಗೆ ಹಾಕಲು ನಮ್ಮಲ್ಲಿ ಕಾನೂನಿನ ಒಪ್ಪಿಗೆ ಇದೆ. ಆದರೆ 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ನಡೆದ ಅಧ್ಯಯನದಲ್ಲಿ ಇಂಥ ಬಣ್ಣಗಳ ಮಿಶ್ರಣ ಕುಡಿದ ಕೆಲವು ಮಕ್ಕಳಲ್ಲಿ ಚಡಪಡಿಕೆ ಹೆಚ್ಚಾದದ್ದು ಕಂಡಿತು. 2010ರಿಂದ ಯುರೋಪಿನಲ್ಲಿ ಆ ಬಣ್ಣ ಹಾಕಿದ ತಿಂಡಿಯ ಮೇಲೆ ಎಚ್ಚರಿಕೆ ಬರೆಯಬೇಕು. ಬಣ್ಣದಿಂದ ಹೊಟ್ಟೆ ತುಂಬುವುದಿಲ್ಲ, ರುಚಿಯೂ ಬರುವುದಿಲ್ಲ. ಹಾಗಾಗಿ ನಾನು ಅದನ್ನು ಮನೆಗೆ ತರುವುದಿಲ್ಲ.

621 ಅಂದರೆ ರುಚಿಪುಡಿ, ಅಜಿನೊಮೊಟೊ ಅಂತಾರಲ್ಲ ಅದು. ಅದಕ್ಕಿಂತ ನೂಡಲ್ಸಿನ ಮಸಾಲೆಯಲ್ಲಿರುವ ಉಪ್ಪು ನನಗೆ ದೊಡ್ಡ ವಿಷಯ. ಸೋಡಿಯಂ ಅನ್ನುವ ಸಾಲು ನೋಡಿ. ದೊಡ್ಡವರಿಗೇ ದಿನಕ್ಕೆ 2000 ಮಿ.ಗ್ರಾಂ ಒಳಗೆ ಇರಬೇಕು. ಮಸಾಲೆ ಪುಡಿ ಅರ್ಧವೇ ಹಾಕಿ, ಗಜ್ಜರಿ, ಬಟಾಣಿ ಸೇರಿಸಿ. ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಪ್ಯಾಕೆಟ್ಟಿಗಾದರೂ ಹಿಂಬದಿ ಇದೆ. ಗಾಡಿಯ ತಿಂಡಿಗೆ ಅದೂ ಇಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೆ ಮೊದಲು ತಪಾಸಣೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ತಿನ್ನಬಾರದ ಬಣ್ಣ ಸಿಕ್ಕಿತ್ತು. ಆಗಿನ ತಪಾಸಣೆಗಳಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಅನ್ನುವ ಬಣ್ಣವೂ ಕಂಡುಬಂದಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಬಣ್ಣ ಬಂದ್ ಆಯಿತು. ನಮ್ಮ ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋದರೆ ಗಿರಮಿಟ್, ಮಿರ್ಚಿ ಭಜಿ ಕೊಡಿಸಿ. ಅವಕ್ಕೆ ಬಣ್ಣ ಬೇಕಿಲ್ಲ. ಧಾರವಾಡ ಪೇಢೆಯ ಕಂದು ಬಣ್ಣವೂ ಖೋವಾವನ್ನು ತಾಸುಗಟ್ಟಲೆ ಹುರಿದು ಬಂದದ್ದು. ಗೋಬಿ ಬೇಕೇ ಬೇಕು ಅಂತ ಮಕ್ಕಳು ಹಟ ಹಿಡಿದರೆ ಮನೆಯಲ್ಲೇ ಮಾಡಿ. ಐದಾರು ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು ಅರ್ಧ ತಾಸು ಬಿಸಿ ನೀರಿನಲ್ಲಿ ನೆನೆಹಾಕಿ. ಸಿಪ್ಪೆ ಉಬ್ಬಿ ಮೆತ್ತಗಾಗಿ ನೀರೂ ಕೆಂಪಾಗುತ್ತದೆ. ಆ ನೀರು ಚೆಲ್ಲದೆ ಅದರಲ್ಲೇ ನುಣ್ಣಗೆ ರುಬ್ಬಿ, ಎರಡು ಎಸಳು ಬಳ್ಳೊಳ್ಳಿ ಸೇರಿಸಿ ಹಿಟ್ಟಿಗೆ ಕಲಸಿ. ಗಾಡಿಯವನ ಗೋಬಿಯಷ್ಟು ಹೊಳೆಯುವುದಿಲ್ಲ. ಆದರೆ ಉಂಡು ಎದ್ದಾಗ ಬೆರಳಿಗೆ ಕೆಂಪು ಅಂಟುವುದಿಲ್ಲ.

ಖಾರದ ಪುಡಿ ಕೊಂಡು ತರುವವರು ಒಂದು ಗಾಜಿನ ಲೋಟದ ನೀರಿನ ಮೇಲೆ ಚಿಟಿಕೆ ಉದುರಿಸಿ ನೋಡಿ. ಬಣ್ಣ ಹಾಕಿದ ಪುಡಿಯಾದರೆ ಕೆಂಪು ಗೆರೆ ಗೆರೆಯಾಗಿ ಕೆಳಗಿಳಿಯುತ್ತದೆ. ಚಹಾಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ನೀರು ಚಿಮುಕಿಸಿ, ಆಮೇಲೆ ಕಾಗದ ತೊಳೆದು ಬೆಳಕಿಗೆ ಹಿಡಿಯಿರಿ. ಕಲೆ ಉಳಿದರೆ ಆ ಪುಡಿಗೆ ಬಣ್ಣ ಕಟ್ಟಿದ್ದಾರೆ. ಗೌರಿ ಹುಣ್ಣಿವೆಗೆ ಸಕ್ಕರಿ ಆರತಿ ತರುವಾಗ ಗುಲಾಬಿ, ಹಳದಿ ಬಿಟ್ಟು ಬಿಳಿಯದನ್ನೇ ಆರಿಸಿ. ಪೂಜೆ ಆದ ಮೇಲೆ ಅದನ್ನು ಚೀಪುವವರು ಮಕ್ಕಳೇ ತಾನೆ.

ಮಕ್ಕಳ ಚಹಾ ಬಿಡಿಸುವುದು ಹೇಗೆ ಅಂತ ಕೇಳುವವರಿಗೆ ಕೊನೆಗೆ ಹೇಳುತ್ತೇನೆ. ಒಂದೇ ದಿನಕ್ಕೆ ನಿಲ್ಲಿಸಬೇಡಿ. ದೊಡ್ಡವರೂ ಅಷ್ಟೇ. ತಟ್ಟನೆ ಬಿಟ್ಟರೆ ಮರುದಿನ ತಲೆ ಹಿಡಿಯುತ್ತದೆ, ಮತ್ತೆ ಗುಳಿಗೆ ಹುಡುಕುತ್ತೀರಿ. ಮೊದಲು ಸಂಜೆಯದನ್ನು ಬಿಡಿಸಿ, ಆಮೇಲೆ ಬೆಳಗಿನದರಲ್ಲಿ ದಿನಾ ಸ್ವಲ್ಪ ಸ್ವಲ್ಪ ಚಹಾ ಕಡಿಮೆ ಮಾಡಿ ಕಷಾಯ ಸೇರಿಸುತ್ತಾ ಹೋಗಿ. ಒಂದು ವಾಟಗ ಕೊತ್ತಂಬರಿ ಕಾಳು, ಕಾಲು ವಾಟಗ ಜೀರಿಗೆ, ಒಂದು ಚಮಚ ಮೆಣಸಿನ ಕಾಳು, ಒಂದು ತುಂಡು ಒಣ ಶುಂಠಿ. ಇವನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದು, ಆರಿದ ಮೇಲೆ ಪುಡಿ ಮಾಡಿ. ಮಕ್ಕಳಿಗೆ ಮೆಣಸು ಅರ್ಧ ಸಾಕು. ಒಂದು ಕಪ್ ನೀರಿಗೆ ಒಂದು ಚಮಚ ಪುಡಿ, ಬೆಲ್ಲ ಹಾಕಿ ಚೆನ್ನಾಗಿ ಕುದಿಸಿ ಸೋಸಿ. ಬೆಲ್ಲದ ಜೊತೆ ಹಾಲು ಕುದಿಸಿದರೆ ಒಡೆಯುವುದುಂಟು. ಹಾಲು ಬೇರೆ ಕಾಯಿಸಿಕೊಂಡು, ಕಷಾಯವನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ಟೋಸ್ಟ್ ಅದ್ದಿಕೊಳ್ಳಲು ಇದೂ ಚೆನ್ನಾಗಿಯೇ ಇರುತ್ತದೆ.